ಸಹಾಯ ಬೇಕು: ‘ಸರ್, ಅವ್ರಿಗೆ ಹೊಲ ಸಿಕ್ತಾ?’

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಮೊನ್ನೆ ಅಮೆರಿಕದ ಅಂತರ್ಯುದ್ಧದ ಪಾಠ. 1860ರಲ್ಲಿ ಲಿಂಕನ್ ಗೆದ್ದಿದ್ದು, ದಕ್ಷಿಣದ 11 ರಾಜ್ಯಗಳು ಬೇರೆಯಾಗಿದ್ದು, ನಾಲ್ಕು ವರ್ಷದ ಯುದ್ಧ, ಎಲ್ಲ ಸಲೀಸಾಗಿ ಹೋಯಿತು. ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಹೋಗದೆ ನಮ್ಮ ಧಾರವಾಡ ಸೀಮೆಯ ಹತ್ತಿಗೆ ಬೆಲೆ ಬಂತು ಅಂದಾಗ ಮಕ್ಕಳ ಕಿವಿ ನೆಟ್ಟಗಾಯಿತು.

ಸಿಕ್ಕಿಬಿದ್ದದ್ದು ಆಮೇಲೆ. ಹಿಂದಿನ ಬೆಂಚಿನ ಹುಡುಗಿ ಎದ್ದು ಕೇಳಿದಳು: ‘ಸರ್, ಗುಲಾಮಗಿರಿ ಹೋದ್ಮೇಲೆ ಅವ್ರಿಗೆ ಹೊಲ ಸಿಕ್ತಾ?’

1865ರ ಜನವರಿಯಲ್ಲಿ ಲಿಂಕನ್ ಕಡೆಯ ಸೇನಾನಿ ಜನರಲ್ ಶೆರ್ಮನ್, ದಕ್ಷಿಣದ ರಾಜ್ಯಗಳ ಕರಾವಳಿಯ ಜಮೀನನ್ನು ಬಿಡುಗಡೆಯಾದ ಗುಲಾಮರಿಗೆ ಕುಟುಂಬಕ್ಕೆ 40 ಎಕರೆವರೆಗೆ ಹಂಚಲು ಆದೇಶ ಕೊಟ್ಟಿದ್ದರು. ಲಿಂಕನ್ ಹತ್ಯೆಯಾದ ಮೇಲೆ ಅಧ್ಯಕ್ಷರಾಗಿ ಬಂದ ಆಂಡ್ರ್ಯೂ ಜಾನ್ಸನ್ ಅದರಲ್ಲಿ ಹೆಚ್ಚಿನದನ್ನು ಹಳೇ ಧಣಿಗಳಿಗೇ ವಾಪಸ್ ಕೊಡಿಸಿದರು. ಎಷ್ಟೋ ಜನ ಮತ್ತೆ ಧಣಿಗಳ ಹೊಲದಲ್ಲೇ ಬೆಳೆಯ ಪಾಲಿಗೆ ದುಡಿದರು. ಬೀಜ, ಹೇಸರಗತ್ತೆ, ಊಟದ ಹಿಟ್ಟು, ಎಲ್ಲವೂ ಸಾಲ. ಲೆಕ್ಕ ಬರೆಯುವವನೂ ಬಹಳ ಕಡೆ ಧಣಿಯೇ!

ಇದಕ್ಕೆ ನಿಮ್ಮ ಕಡೆ ಏನಂತಾರೆ? ಕೋರು, ವಾರ, ಪಾಲು? ಸುಮ್ನೆ ‘ಜೀತ’ ಅಂದುಬಿಟ್ಟರೆ ತಪ್ಪಾಗುತ್ತೆ ಅಲ್ವಾ? 1865ರಿಂದ 1877ರವರೆಗಿನ ಕಾಲದ ಬಗ್ಗೆ ಮಕ್ಕಳು ಓದಬಹುದಾದ ಕನ್ನಡ ಬರಹ ಇದ್ದರೆ ದಯವಿಟ್ಟು ಕಳಿಸಿ. ಸೋಮವಾರ ಮತ್ತೆ ಅದೇ ಕ್ಲಾಸು.