ಡೆಮಾಕ್ರಟೈಸ್ ಅಂದ್ರೆ ನಿಜವಾಗಿ ಏನು? ಎಲ್ಲಿಂದ ಬಂತು?

ಕೋರಮಂಗಲದಿಂದ
ನಮಸ್ಕಾರ. ಆಫೀಸಿನ ಪೋಸ್ಟರ್ ಒಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಷೇರು ಹೂಡಿಕೆಯನ್ನು ‘ಡೆಮಾಕ್ರಟೈಸ್’ ಮಾಡುತ್ತೇವೆ ಅಂತ ಅದರಲ್ಲಿದೆ. ‘ಪ್ರಜಾಪ್ರಭುತ್ವೀಕರಣ’ ಅಂತ ಬರೆದರೆ, ಓದಿದವರು ಇದು ಚುನಾವಣೆ ಜಾಹೀರಾತಾ ಅಂತ ಕೇಳುತ್ತಿದ್ದಾರೆ. ಈ ಪದದ ಮೂಲ ಅರ್ಥ ಏನು? ಹೂಡಿಕೆಗೂ ಅದಕ್ಕೂ ಏನು ಸಂಬಂಧ?

ಬಸವನಗುಡಿ ಓದುಗ
ಬೇರು ಗ್ರೀಕ್. ‘ದೆಮೋಸ್’ ಅಂದ್ರೆ ಜನ, ‘ಕ್ರಾಟೋಸ್’ ಅಂದ್ರೆ ಅಧಿಕಾರ. ಕ್ರಿಯಾಪದ ಬಹಳ ತಡವಾಗಿ ಬಂತು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ, 18ನೇ ಶತಮಾನದ ಕೊನೆಗೆ, ಫ್ರೆಂಚ್‌ನಿಂದ ಇಂಗ್ಲಿಷ್‌ಗೆ ಹೋಯಿತು. ಆಗ ಅದರ ಅರ್ಥ ಒಂದೇ, ಆಡಳಿತವನ್ನು ಜನರ ಕೈಗೆ ಕೊಡುವುದು. ಎಲ್ಲರಿಗೂ ಸಿಗುವಂತೆ ಮಾಡುವುದು ಅನ್ನುವ ಅರ್ಥ ಆಮೇಲೆ ಬೆಳೆದದ್ದು.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಅಥೆನ್ಸ್‌ನಲ್ಲಿ ‘ದೆಮೋಸ್’ ಅಂದ್ರೆ ಊರು, ಕೇರಿ ಅಂತಲೂ ಅರ್ಥ ಇತ್ತು. ಕ್ರಿ.ಪೂ. 508ರ ಸುಮಾರಿಗೆ ಅಲ್ಲಿನ ನಾಯಕ ಕ್ಲೈಸ್ತೆನಿಸ್ ಅಂಥ ಊರು-ಕೇರಿಗಳನ್ನೇ ಆಡಳಿತದ ಬುಡ ಮಾಡಿದ. 18 ತುಂಬಿದ ಗಂಡಸು ತನ್ನ ಕೇರಿಯ ಪಟ್ಟಿಯಲ್ಲಿ ಹೆಸರು ಬರೆಸಿದರೆ ಮಾತ್ರ ನಾಗರಿಕ. ಹೆಂಗಸರು, ಗುಲಾಮರು ಹೊರಗೇ ಉಳಿದರು, ಅದನ್ನೂ ಮರೆಯಬಾರದು.

ರಾಜಾಜಿನಗರ ನಿವಾಸಿ
ಕೇರಿ ಅಂದ್ರಲ್ಲ, ಅಲ್ಲೇ ಇದೆ ವಿಷಯ. ಅಗ್ಗಕ್ಕೆ ಕೊಡುವುದು ಬೇರೆ, ತೀರ್ಮಾನದಲ್ಲಿ ಪಾಲು ಕೊಡುವುದು ಬೇರೆ. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು, 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಊರಲ್ಲಿ ವಾರ್ಡ್ ಸಮಿತಿ ಇರಬೇಕು ಅಂತ ಅದು ಹೇಳುತ್ತದೆ. ನಮ್ಮ ವಾರ್ಡ್ ಸಭೆಯಲ್ಲಿ ಒಮ್ಮೆ ಚರಂಡಿ ಕೆಲಸದ ಎಸ್ಟಿಮೇಟ್ ಹಾಳೆಯನ್ನು ಮೇಜಿನ ಮೇಲೆ ಹರಡಿಸಿದೆವು. ಹೂವು ಮಾರುವ ಅಮ್ಮ ಒಬ್ಬರು ಆ ಹಾಳೆ ನೋಡಿ, ‘ಇಲ್ಲಿ ಯಾಕಪ್ಪಾ ಮುಗಿಸ್ತೀರಿ, ನೀರು ನಿಲ್ಲೋದು ಆ ತಿರುವಿನಲ್ಲಿ’ ಅಂದರು. ಎಂಜಿನಿಯರ್ ಪೆನ್ನು ತೆಗೆದು ಗೆರೆ ಉದ್ದ ಮಾಡಿದರು. ನನ್ನ ಮಟ್ಟಿಗೆ ಈ ಪದದ ಅರ್ಥ ಅದೇ. ಆದರೆ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಕೌನ್ಸಿಲ್ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಕೇಳೋಣ ಅಂದ್ರೆ ಕಾರ್ಪೊರೇಟರೇ ಇರಲಿಲ್ಲ!

ಮಲ್ಲೇಶ್ವರ ಮೇಷ್ಟ್ರು
ಒಪ್ಪುತ್ತೇನೆ, ಆದರೆ ಅದು ಒಂದೇ ಸಲಕ್ಕೆ ಆಗುವ ಕೆಲಸ ಅಲ್ಲ. ಮೈಸೂರು ಸಂಸ್ಥಾನವನ್ನೇ ನೋಡಿ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾ ಪ್ರತಿನಿಧಿ ಸಭೆ ಶುರುವಾಯಿತು. ಹೆಸರಲ್ಲಿ ‘ಪ್ರತಿನಿಧಿ’ ಇದ್ದರೂ ಬಂದವರು ಆಯ್ಕೆಯಾದವರಲ್ಲ, ಜಮೀನುದಾರರು, ವ್ಯಾಪಾರಿಗಳು, ಅಹವಾಲು ಹೇಳಿಕೊಳ್ಳಬಹುದಿತ್ತು ಅಷ್ಟೇ. ಚುನಾವಣೆ ಬಂದದ್ದು 1891ರಲ್ಲಿ, ಅದೂ ಆಸ್ತಿ ಇದ್ದವರಿಗೆ. ಸಭೆಗೆ ಕಾನೂನಿನ ಬಲ ಸಿಕ್ಕಿದ್ದು 1923ರಲ್ಲಿ. ಹಾಗಾಗಿ ಬರೀ ಬಾಗಿಲು ತೆರೆಯುವುದನ್ನು ಕಡೆಗಣಿಸಬೇಡಿ ಸರ್. ಒಳಗೆ ಬಂದವರೇ ಮುಂದೆ ಹಕ್ಕು ಕೇಳುತ್ತಾರೆ.

ರಾಜಾಜಿನಗರ ನಿವಾಸಿ
ಸರಿ ಮೇಷ್ಟ್ರೇ. ಆದರೆ ಹಕ್ಕು ಕೇಳಲು ಜಾಗವೇ ಇಲ್ಲದ ಕಡೆ ಆ ಪದ ಹಾಕಬಾರದು.

ಕೋರಮಂಗಲದಿಂದ
ಎಲ್ಲರಿಗೂ ಧನ್ಯವಾದ. ನಮ್ಮ ಆ್ಯಪ್‌ನಲ್ಲಿ 100 ರೂಪಾಯಿಯಿಂದ ಹೂಡಿಕೆ ಮಾಡಬಹುದು, ಶುಲ್ಕ ಎಷ್ಟು ಅಂತ ತೀರ್ಮಾನಿಸುವುದು ಮಾತ್ರ ಕಂಪನಿಯೇ. ಹಾಗಾಗಿ ‘ಹೂಡಿಕೆ ಈಗ ಎಲ್ಲರ ಕೈಗೆಟುಕುತ್ತದೆ’ ಅಂತ ಬರೆಯುತ್ತೇನೆ.