ಮುಕ್ತಿನಾಥ ಯಾತ್ರೆ: ಸೆಖೆ, ಗಾಳಿ, ಹಿಮ ಎಲ್ಲಾ ಒಂದೇ ವಾರದಲ್ಲಿ. ಹೇಗೆ ಹೊಂದಿಸಿಕೊಳ್ಳುವುದು?

ಪ್ರಶ್ನೆ: ಅಕ್ಟೋಬರ್ ಕೊನೆಯ ವಾರ ಗೋರಖ್‌ಪುರದಿಂದ ಹೊರಟು ಲುಂಬಿನಿ, ಪೋಖರಾ, ಮುಕ್ತಿನಾಥಕ್ಕೆ ಹೋಗಬೇಕೆಂದಿದ್ದೇವೆ. ಜೊತೆಗೆ ಅಪ್ಪ (69, ಬಿಪಿ ಇದೆ), ಅಮ್ಮ (64). ಪೋಖರಾ ಬಿಟ್ಟ ದಿನವೇ ಮುಕ್ತಿನಾಥ ತಲುಪಿ ಅಲ್ಲೇ ರಾತ್ರಿ ತಂಗುವುದು ಎಂದು ಟೂರಿನವರು ಹೇಳಿದ್ದಾರೆ. ಸರಿಯೇ? ಬಟ್ಟೆ ಏನೇನು ಬೇಕು?

ಉತ್ತರ 1: ನೇಪಾಳದಲ್ಲಿ ಊರು ಎಷ್ಟು ದೂರ ಅನ್ನುವುದಕ್ಕಿಂತ ಎಷ್ಟು ಎತ್ತರ ಅನ್ನುವುದನ್ನು ಮೊದಲು ಕೇಳಿ. ಲುಂಬಿನಿ ಇರುವ ತರಾಯಿ ಬಯಲು ಸಮುದ್ರಮಟ್ಟದಿಂದ ಸುಮಾರು 150 ಮೀಟರ್, ಪೋಖರಾ 820, ಮುಕ್ತಿನಾಥದ ದಾರಿಯಲ್ಲಿ ಸಿಗುವ ಜೋಮ್‌ಸೋಮ್ 2,700, ಮುಕ್ತಿನಾಥ 3,700ಕ್ಕೂ ಮೇಲೆ. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಪೋಖರಾದಲ್ಲಿ ಮಧ್ಯಾಹ್ನ 26 ಇದ್ದರೆ ಮುಕ್ತಿನಾಥದಲ್ಲಿ 7ರ ಆಸುಪಾಸು, ಬೆಳಗಿನ ಜಾವ ಸೊನ್ನೆಯ ಹತ್ತಿರ. ಲುಂಬಿನಿಯಲ್ಲಿ ಆಗಲೂ ಹತ್ತಿ ಬಟ್ಟೆಯೇ ಬೇಕು. ಹಾಗಾಗಿ ಒಂದು ದಪ್ಪ ಕೋಟನ್ನು ನಂಬಿ ಹೋಗಬೇಡಿ. ಥರ್ಮಲ್, ಅದರ ಮೇಲೆ ಉಣ್ಣೆ ಸ್ವೆಟರ್, ಎಲ್ಲಕ್ಕಿಂತ ಹೊರಗೆ ಗಾಳಿ ತಡೆಯುವ ಜಾಕೆಟ್. ಏರುತ್ತಾ ಒಂದೊಂದೇ ಹಾಕಿಕೊಳ್ಳಿ, ಇಳಿಯುತ್ತಾ ತೆಗೆಯಿರಿ.

ಉತ್ತರ 2: ಮೇಲಿನ ಲೆಕ್ಕ ಸರಿ, ಆದರೆ ಎತ್ತರವೊಂದೇ ಸಾಲದು. ಪರ್ವತದ ಯಾವ ಪಕ್ಕ ಅನ್ನುವುದೂ ಮುಖ್ಯ. ಪೋಖರಾ ಹತ್ತಿರದ ಲುಮ್ಲೆಯಲ್ಲಿ ವರ್ಷಕ್ಕೆ 5,000 ಮಿಲಿಮೀಟರ್‌ಗೂ ಹೆಚ್ಚು ಮಳೆ. ನೇಪಾಳದಲ್ಲೇ ಅತಿ ಹೆಚ್ಚು. ಅನ್ನಪೂರ್ಣ, ಧೌಲಗಿರಿ ಸಾಲು ದಾಟಿದ ಮೇಲೆ ಜೋಮ್‌ಸೋಮ್‌ನಲ್ಲಿ 300 ಮಿಲಿಮೀಟರೂ ಕಷ್ಟ. ಆಗುಂಬೆ ಬಿಟ್ಟು ಚಿತ್ರದುರ್ಗಕ್ಕೆ ಬಂದ ಹಾಗೆ, ಅದಕ್ಕಿಂತಲೂ ತೀವ್ರ. ತುಟಿ ಒಡೆಯುತ್ತದೆ, ಮೂಗು ಒಣಗುತ್ತದೆ. ವ್ಯಾಸಲೀನ್, ಮಾಸ್ಕ್, ತಂಪು ಕನ್ನಡಕ ಕೈಚೀಲದಲ್ಲೇ ಇರಲಿ.

ಇನ್ನು ಗಾಳಿ. ಬಿಸಿಲೇರಿದಂತೆ ಜೋಮ್‌ಸೋಮ್, ಮುಕ್ತಿನಾಥ ಇರುವ ಮುಸ್ತಾಂಗ್ ಜಿಲ್ಲೆಯ ಬೋಳು ನೆಲ ಕಾದು ಅಲ್ಲಿನ ಗಾಳಿ ಮೇಲೇಳುತ್ತದೆ. ಆ ಜಾಗ ತುಂಬಲು ಕೆಳಗಿನ ಗಾಳಿ ಕಾಳಿ ಗಂಡಕಿ ಕಣಿವೆಯೆಂಬ ಕಿರಿದಾದ ಕೊಳವೆಯಲ್ಲಿ ನುಗ್ಗುತ್ತದೆ. ಬೆಳಿಗ್ಗೆ 10–11ಕ್ಕೆ ಶುರು, ಮಧ್ಯಾಹ್ನ ಧೂಳು, ಮರಳು. ಪೋಖರಾ–ಜೋಮ್‌ಸೋಮ್ ವಿಮಾನ 20 ನಿಮಿಷದ್ದೇ ಆದರೂ ಬೆಳಿಗ್ಗೆ ಮಾತ್ರ ಹಾರುವುದು ಇದಕ್ಕೇ. ಬೆಳಿಗ್ಗೆ ಮೋಡ ಕವಿದರೆ ಆ ದಿನ ಹೋಯಿತು ಎಂದೇ ತಿಳಿಯಿರಿ. ಒಂದು ದಿನ ಖಾಲಿ ಇಟ್ಟುಕೊಳ್ಳದೆ ಊರಿಗೆ ಮರಳುವ ಟಿಕೆಟ್ ಮಾಡಿಸಬೇಡಿ.

ಉತ್ತರ 3: ಟೂರಿನವರ ಯೋಜನೆ ದಯವಿಟ್ಟು ಒಪ್ಪಬೇಡಿ. ಒಂದೇ ದಿನ 2,900 ಮೀಟರ್ ಏರಿ ಅಲ್ಲೇ ಮಲಗುವುದು ಆ ವಯಸ್ಸಿಗೆ ಅಪಾಯ. ಮೇಲೆ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಿಗೂ ಸ್ವಲ್ಪ ಕಡಿಮೆ. ನಿದ್ದೆಯಲ್ಲಿ ಉಸಿರಾಟ ನಿಧಾನವಾಗಿ ತೊಂದರೆ ಹೆಚ್ಚುತ್ತದೆ. ಮೊದಲ ರಾತ್ರಿ ಮಾರ್ಫಾ ಅಥವಾ ಜೋಮ್‌ಸೋಮ್‌ನಲ್ಲಿ ಉಳಿಯಿರಿ. ಎರಡು ರಾತ್ರಿಯಾದರೆ ಇನ್ನೂ ಒಳ್ಳೆಯದು. ಬೆಳಿಗ್ಗೆ ಬೇಗ ಮುಕ್ತಿನಾಥಕ್ಕೆ ಹೋಗಿ, ದರ್ಶನ ಮುಗಿಸಿ, ಮಧ್ಯಾಹ್ನದೊಳಗೆ ಇಳಿದು ಬಿಡಿ.

ತಲೆನೋವಿನ ಜೊತೆ ವಾಂತಿ ಬಂದರೆ, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸುತ್ತಾ ನೇರ ಗೆರೆಯಲ್ಲಿ ನಡೆಯಲಾಗದಿದ್ದರೆ, ಕೂತಲ್ಲೇ ಏದುಸಿರು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ರಾತ್ರಿಯಾದರೂ ಸರಿ, ಕೆಳಗಿಳಿಸಿ. ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆ (ಸಾಮಾನ್ಯವಾಗಿ 125 ಮಿಲಿಗ್ರಾಂ, ದಿನಕ್ಕೆರಡು, ಏರುವ ಹಿಂದಿನ ದಿನದಿಂದ) ಎಲ್ಲರಿಗೂ ಆಗುವುದಿಲ್ಲ. ಸಲ್ಫಾ ಅಲರ್ಜಿ, ಮೂತ್ರಪಿಂಡದ ತೊಂದರೆ ಇದ್ದರೆ, ಅಥವಾ ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರನ್ನು ಕೇಳಲೇಬೇಕು. ನಿಮ್ಮ ತಂದೆಯವರ ಮಾತ್ರೆ ಚೀಟಿ ಈಗಲೇ ತೋರಿಸಿ.

ಪ್ರಶ್ನೆ ಕೇಳಿದವರು: ತುಂಬಾ ಧನ್ಯವಾದ. ಅಮ್ಮ ದೇವಸ್ಥಾನದ 108 ನೀರಿನ ಧಾರೆಯಲ್ಲೂ ಸ್ನಾನ ಮಾಡಲೇಬೇಕು ಅನ್ನುತ್ತಿದ್ದಾರೆ. ಅನ್ನಕ್ಕೆ ಅಕ್ಕಿ ಒಯ್ಯಬಹುದೇ?

ಉತ್ತರ 3: ಆ ನೀರು ಹಿಮದಷ್ಟೇ ತಣ್ಣಗಿರುತ್ತದೆ. ಒಮ್ಮೆಲೇ ತಲೆಯ ಮೇಲೆ ಬಿದ್ದರೆ ರಕ್ತನಾಳ ಬಿಗಿದು ಬಿಪಿ ಏರುತ್ತದೆ, ಆದ್ದರಿಂದ ತಂದೆಯವರಿಗೆ ಪ್ರೋಕ್ಷಣೆಯೇ ಸಾಕು. ತಾಯಿಯವರು ಮಾಡುವುದೇ ಆದರೆ ಬಿಸಿಲು ಬಂದ ಮೇಲೆ, ಒಣ ಬಟ್ಟೆ ಹಿಡಿದು ಒಬ್ಬರು ಪಕ್ಕದಲ್ಲೇ ನಿಂತಿರಲಿ. ವಾಹನ ನಿಲ್ಲುವ ರಾಣಿಪೌವಾದಿಂದ ದೇವಸ್ಥಾನಕ್ಕೆ ಏರುದಾರಿ. ಕುದುರೆ ಸಿಗುತ್ತದೆ, ನಡೆದು ದಣಿಯುವುದು ಬೇಡ.

ಉತ್ತರ 1: ಅಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಅಕ್ಕಿ ಬೇಯಲು ತುಂಬಾ ಹೊತ್ತು ಬೇಕು, ಬೇಳೆ ಇನ್ನೂ ನಿಧಾನ. ಕುಕ್ಕರ್ ಇಲ್ಲದಿದ್ದರೆ ಅವಲಕ್ಕಿ, ಹುರಿದ ರವೆ ಒಯ್ಯಿರಿ.

ಉತ್ತರ 2: ಇನ್ನೊಂದು ಮಾತು ಬಿಟ್ಟುಹೋಗಿತ್ತು. ಅಕ್ಟೋಬರ್ ಶುಭ್ರ ತಿಂಗಳು ನಿಜ, ಆದರೆ ಬಂಗಾಳ ಕೊಲ್ಲಿಯ ಚಂಡಮಾರುತ ಅಲ್ಲಿಗೂ ಮುಟ್ಟುತ್ತದೆ. 2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣಕ್ಕೆ ಅಪ್ಪಳಿಸಿದ ಹುದ್‌ಹುದ್ ಎರಡೇ ದಿನದಲ್ಲಿ ಮುಕ್ತಿನಾಥದ ಮೇಲಿರುವ ಥೊರೋಂಗ್ ಕಣಿವೆದಾರಿ ಮತ್ತು ಆಸುಪಾಸಿನ ಬೆಟ್ಟಗಳಲ್ಲಿ ಹಿಮಬಿರುಗಾಳಿಯಾಗಿ ನಲವತ್ತಕ್ಕೂ ಹೆಚ್ಚು ಜನ ಸತ್ತರು. ಆಂಧ್ರ, ಒಡಿಶಾ ಕರಾವಳಿಗೆ ಚಂಡಮಾರುತದ ಎಚ್ಚರಿಕೆ ಇದ್ದರೆ ಪೋಖರಾದಲ್ಲೇ ಉಳಿಯಿರಿ. ಪೋಖರಾದಿಂದ ಮೇಲೆ ಹೋಗುವ ಬೇನಿ–ಜೋಮ್‌ಸೋಮ್ ರಸ್ತೆಯೂ ಅಂಥ ಮಳೆಗೆ ಕುಸಿಯುತ್ತದೆ, ಮಳೆ ನಿಂತ ಕೂಡಲೇ ಹೊರಡದೆ ದಾರಿ ತೆರೆದಿದೆಯೇ ಎಂದು ಕೇಳಿಯೇ ವಾಹನ ಹತ್ತಿ.