ಅಪ್‌ಡೇಟ್: ಅಪ್ಪ ಈಗ ಜಗಲಿಯುದ್ದಕ್ಕೂ ನಡೆಯುತ್ತಾರೆ

ಸೈನ್ಯದಿಂದ ನಿವೃತ್ತರಾದ ಅಪ್ಪನಿಗೆ ಪಾರ್ಶ್ವವಾಯು ಆದ ಮೇಲೆ ತೂಕ 91 ಕಿಲೋಗೆ ಏರಿದೆ, ನಡೆಸಬಹುದೇ ಎಂದು ನಾಲ್ಕು ತಿಂಗಳ ಹಿಂದೆ ಕೇಳಿದ್ದೆ. ಈಗ 85. ರಕ್ತದೊತ್ತಡವೂ ಹಿಡಿತಕ್ಕೆ ಬಂದಿದೆ.

ಮೊದಲ ದಿನ ಅಪ್ಪ ಪರೇಡಿನ ವೇಗದಲ್ಲಿ ಹೊರಟು ಮುಗ್ಗರಿಸಿದಾಗ ನನ್ನ ಎದೆ ಝಲ್ಲೆಂದಿತ್ತು. ಆಮೇಲೆ ಫಿಸಿಯೋಥೆರಪಿಸ್ಟ್ ಮಾತಿನಂತೆ ನಡೆದೆವು: ಒಂದು ಸಲಕ್ಕೆ 10 ನಿಮಿಷ, ಮಾತನಾಡುತ್ತಲೇ ನಡೆಯಬಲ್ಲಷ್ಟು ವೇಗ, ವಾರಕ್ಕೆ ಕನಿಷ್ಠ ನಾಲ್ಕು ದಿನ. ಮಡಿಕೇರಿಯ ಮಳೆಗೆ ಅಂಗಳವೆಲ್ಲ ಪಾಚಿ. ಹಾಗಾಗಿ ಜಗಲಿಯ ಗೋಡೆಗೆ ಮರದ ಕೈಹಿಡಿ ಹಾಕಿಸಿದೆವು. ಎಡಗೈಯಲ್ಲಿ ಅದನ್ನು ಹಿಡಿದು, ಬಲಪಾದದ ತುದಿ ನೆಲಕ್ಕೆ ಉಜ್ಜದಂತೆ ಎತ್ತಿ ಇಡುತ್ತ, ‘ಏಕ್, ದೋ’ ಎಂದು ತಾವೇ ಎಣಿಸುತ್ತಾರೆ. ಕುರ್ಚಿಯಿಂದ ಎದ್ದು ಕೂರುವ ಅಭ್ಯಾಸವೂ ಇದೆ.

ಊಟದ್ದೇ ದೊಡ್ಡ ಹೋರಾಟ. ಕಡಂಬುಟ್ಟು (ಅಕ್ಕಿ ತರಿಯ ಉಂಡೆ ಕಡುಬು) ಎರಡಕ್ಕೆ ಇಳಿದಿದೆ, ಪಂದಿ ಕರಿ (ಹಂದಿಮಾಂಸದ ಸಾರು) ತಿಂಗಳಿಗೊಮ್ಮೆ, ರಮ್ ಪೂರ್ತಿ ನಿಂತಿದೆ. ಉಪ್ಪು ದಿನಕ್ಕೆ 5 ಗ್ರಾಂ ಒಳಗಿರಬೇಕೆಂದು ಉಪ್ಪಿನಕಾಯಿ ಭರಣಿಯನ್ನು ಅಮ್ಮ ಅಟ್ಟಕ್ಕೇರಿಸಿದ್ದಾರೆ. ತೂಕ ಇಳಿಯಿತೆಂದು ಮಾತ್ರೆಯನ್ನು ಮಾತ್ರ ನಾವಾಗಿ ನಿಲ್ಲಿಸಿಲ್ಲ, ನೀವೂ ದಯವಿಟ್ಟು ನಿಲ್ಲಿಸಬೇಡಿ.

ನಿನ್ನೆ ಮಳೆ ಬಿಟ್ಟಿತ್ತು. ಅಪ್ಪ ಕೋಲೂರಿಕೊಂಡು ಗೇಟಿನವರೆಗೆ ಹೋಗಿ ಪತ್ರಿಕೆ ತಂದರು.